ಹಿರೋಡೆಯ ಫ್ರೆಂಚ್ ಪಾಳೆಯ: ಸಹಾಯದ ಲಗಾಮು ಯಾರ ಕೈಯಲ್ಲಿ?

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಕೆಲವೇ ಮೈಲಿ ನಡೆದರೆ ಕುಂತಿಬೆಟ್ಟದ ಬಂಡೆಗಳು ಕಾಣಿಸುತ್ತವೆ. ಅದರ ತಪ್ಪಲಿನ ಊರು ಇಂದು ಪಾಂಡವಪುರ. ಹಿಂದೆ ಅದರ ಹೆಸರು ಹಿರೋಡೆ. ಇವೆರಡರ ನಡುವೆ ಆ ಊರಿಗೆ ಮತ್ತೊಂದು ಹೆಸರಿತ್ತು. ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದುದರಿಂದ ಆಂಗ್ಲರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಬಹುಕಾಲ ಸರಕಾರಿ ಕಾಗದಪತ್ರಗಳಲ್ಲಿಯೂ ರೈಲು ನಿಲ್ದಾಣದ ಫಲಕದ ಮೇಲೂ ಆ ಹೆಸರೇ ನಿಂತಿತು. ಒಂದು ಪರದೇಶದ ನೆರವಿನ ಗುರುತು ನಮ್ಮ ನಾಡಿನ ಊರೊಂದರ ಹೆಸರಾಗಿ ಉಳಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಕರ್ನಾಟಕದಲ್ಲಿ ಅಪರೂಪ.

ಯುದ್ಧದಲ್ಲಿ ಸಿಲುಕಿದ ರಾಜ್ಯಕ್ಕೆ ಹೊರಗಿನಿಂದ ಧನ, ಧಾನ್ಯ, ಆಯುಧ, ಸೈನ್ಯ ಬರುವುದು ಹೊಸ ಸಂಗತಿಯಲ್ಲ. ಅದರ ಮೇಲೆ ಯಾರ ಮೇಲ್ವಿಚಾರಣೆ ಇರಬೇಕು, ಕೊಟ್ಟವನ ಸರಕಾರದ್ದೇ, ಪಡೆದವನ ಸರಕಾರದ್ದೇ ಎಂಬ ಪ್ರಶ್ನೆಯೂ ಹೊಸದಲ್ಲ. ಶ್ರೀರಂಗಪಟ್ಟಣದ ದೊರೆಗಳು ಈ ಪ್ರಶ್ನೆಯನ್ನು ಮೂವತ್ತು ವರ್ಷಗಳ ಕಾಲ ಎದುರಿಸಿದರು. ಅದಕ್ಕೆ ದೊರೆತ ಉತ್ತರ ಅವರ ರಾಜ್ಯವನ್ನೇ ಕೊಂಡೊಯ್ದಿತು. ಇಂದಿನ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳು ಆ ಲೆಕ್ಕದ ಬಹುಪಾಲನ್ನು ತೆತ್ತವು.

ಆರಂಭವಾಗುವುದು ಬಾರದೇ ಹೋದ ಒಂದು ನೆರವಿನಿಂದ. 1769ರಲ್ಲಿ ಹೈದರ್ ಅಲಿ ಮದರಾಸಿನ ಬಾಗಿಲಿಗೇ ಹೋಗಿ ಈಸ್ಟ್ ಇಂಡಿಯಾ ಕಂಪೆನಿಯನ್ನು ಸಂಧಿಗೆ ಒಪ್ಪಿಸಿದನು. ಇಬ್ಬರಲ್ಲಿ ಯಾರ ಮೇಲೆ ಪರರು ಏರಿಬಂದರೂ ಮತ್ತೊಬ್ಬರು ಸೈನ್ಯ ಕಳುಹಿಸಬೇಕೆಂಬುದು ಅದರ ಮುಖ್ಯ ಕಲಮು. ನೆರವಿಗೆ ಬಂದ ಸೈನಿಕನಿಗೂ ಸವಾರನಿಗೂ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ರೂಪಾಯಿ ಎಂದು ಸಂಬಳವನ್ನು ಸಹ ನಿಗದಿ ಮಾಡಲಾಗಿತ್ತು. ದರ ನಿಗದಿಯಾಗಿತ್ತು, ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಯಾರು ಎಂಬುದು ಮಾತ್ರ ನಿಗದಿಯಾಗಿರಲಿಲ್ಲ. ಎರಡೇ ವರ್ಷಗಳಲ್ಲಿ, 1771ರ ಮಾರ್ಚಿಯಲ್ಲಿ, ತ್ರ್ಯಂಬಕರಾಯನ ನೇತೃತ್ವದ ಮರಾಠಾ ಸೈನ್ಯ ಚಿನಕುರಳಿಯ ಬಳಿ ಹೈದರನನ್ನು ನಜ್ಜುಗುಜ್ಜಾಗುವಂತೆ ಸೋಲಿಸಿತು. ತೊಣ್ಣೂರು ಕೆರೆಯ ಆಸುಪಾಸಿನಲ್ಲಿ ಚದುರಿದ ಸೈನ್ಯವನ್ನು ಬಿಟ್ಟು ಅವನು ಶ್ರೀರಂಗಪಟ್ಟಣದ ಕೋಟೆಯನ್ನು ಸೇರಿಕೊಂಡನು. ಅಲ್ಲಿಂದ ಮದರಾಸಿಗೆ ಮೇಲಿಂದ ಮೇಲೆ ಪತ್ರ ಬರೆಯಿಸಿದನು. ಮದರಾಸಿನ ಕೌನ್ಸಿಲಿನವರು ಕೊಟ್ಟ ಮಾತನ್ನು ಅಲ್ಲಗಳೆಯಲಿಲ್ಲ, ನಡೆಸಿಯೂ ಕೊಡಲಿಲ್ಲ. ಅವರ ಮೇಲೆ ಲಂಡನ್ನಿನ ನಿರ್ದೇಶಕರಿದ್ದರು. ಆರ್ಕಾಟಿನ ನವಾಬನ ಒತ್ತಡವಿತ್ತು. ಇಂಗ್ಲೆಂಡಿನ ದೊರೆಯ ಪ್ರತಿನಿಧಿಯಾಗಿ ಆಗ ಬಂದಿದ್ದ ಸರ್ ಜಾನ್ ಲಿಂಡ್ಸೆ ಮರಾಠರ ಪಕ್ಷವೇ ಸರಿಯೆಂದು ವಾದಿಸುತ್ತಿದ್ದನು. ಹಲವು ಮೇಲ್ವಿಚಾರಕರ ನಡುವೆ ನೆರವು ಹೊರಡಲೇ ಇಲ್ಲ. ಹೈದರನು ಈ ವಚನಭಂಗವನ್ನು ಸಾಯುವವರೆಗೂ ಮರೆಯಲಿಲ್ಲ. ಅವನು ಫ್ರೆಂಚರತ್ತ ತಿರುಗಿದುದಕ್ಕೆ ಚಿನಕುರಳಿಯೂ ಒಂದು ಕಾರಣ.

ಫ್ರೆಂಚರಲ್ಲಿ ಎರಡು ಬಗೆಯವರಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು. ಲಾಲಿಯಂತಹ ಸೇನಾನಿಗಳ ಕೈಕೆಳಗೆ ಸಂಬಳಕ್ಕೆ ದುಡಿಯುತ್ತಿದ್ದ ಯುರೋಪಿಯನ್ ದಳದವರು ಒಂದು ಬಗೆ. ಅವರಿಗೆ ಹೈದರನೇ ಒಡೆಯ. ಸಂಬಳ ನಿಂತರೆ ಸೇವೆಯೂ ನಿಂತಂತೆ. ಎರಡನೆಯವರು ಫ್ರಾನ್ಸಿನ ದೊರೆಯ ಸೈನಿಕರು, ಮಿತ್ರರಾಷ್ಟ್ರದ ನೆರವೆಂದು ಬಂದವರು. ಅವರಿಗೆ ಅನ್ನವಿಕ್ಕುವವನು ಹೈದರ್, ಆಜ್ಞೆ ಕೊಡುವವನು ವರ್ಸೇಲ್ಸಿನಲ್ಲಿ. ಮುಂದಿನ ತೊಡಕೆಲ್ಲ ಈ ಎರಡನೆಯ ಬಗೆಯದು.

1780ರಲ್ಲಿ ಹೈದರ್ ಕರ್ನಾಟಕ ಪಾಯಿನ್‌ಘಾಟಿಗೆ ಇಳಿದು ಕಂಪೆನಿಯ ಸೈನ್ಯವನ್ನು ಪೊಲ್ಲಿಲೂರಿನಲ್ಲಿ ನುಚ್ಚುನೂರು ಮಾಡಿದಾಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಆಗಲೇ ಯುದ್ಧ ನಡೆಯುತ್ತಿತ್ತು. 1781ರ ಆರಂಭದಲ್ಲಿ ಫ್ರೆಂಚ್ ನೌಕಾದಳವೊಂದು ದೋರ್ವ್ ಎಂಬ ನಾಯಕನೊಂದಿಗೆ ಕೋರಮಂಡಲದ ತೀರಕ್ಕೆ ಬಂತು. ಆಂಗ್ಲ ಸೇನಾಪತಿ ಸರ್ ಐರ್ ಕೂಟ್ ಕಡಲೂರಿನ ಬಳಿ ದವಸವಿಲ್ಲದೆ ಸಿಕ್ಕಿಬಿದ್ದಿದ್ದನು. ಸಮುದ್ರಮಾರ್ಗವೊಂದೇ ಅವನಿಗೆ ಉಳಿದ ದಾರಿ. ಕೆಲವೇ ದಿನ ನಿಂತು ಆ ದಾರಿಯನ್ನು ಕಟ್ಟಿದರೆ ಸಾಕೆಂದು ಹೈದರ್ ಬೇಡಿಕೊಂಡನು. ದೋರ್ವ್ ನಿಲ್ಲಲಿಲ್ಲ; ಲಂಗರೆತ್ತಿ ಮಾರಿಷಸ್ಸಿಗೆ ಹಿಂದಿರುಗಿದನು. ದಕ್ಷಿಣ ಭಾರತದ ಇತಿಹಾಸವೇ ಬೇರೆಯಾಗಬಹುದಾಗಿದ್ದ ಗಳಿಗೆ ಅದೆಂದು ಇತಿಹಾಸಕಾರರು ಹೇಳುವುದುಂಟು. ಅದು ಉತ್ಪ್ರೇಕ್ಷೆಯಿರಬಹುದು, ಆದರೆ ಹೈದರನಿಗೆ ಹಾಗೆ ತೋರಿದ್ದರೆ ಆಶ್ಚರ್ಯವಿಲ್ಲ.

ಮರುವರ್ಷ, 1782ರ ಮಾರ್ಚಿಯಲ್ಲಿ, ಸಫ್ರೆನ್ ಎಂಬ ಸಮರ್ಥ ನೌಕಾಪತಿಯ ಹಡಗುಗಳಿಂದ ಸುಮಾರು 3000 ಸೈನಿಕರು ಪರಂಗಿಪೇಟೆಯಲ್ಲಿ ಇಳಿದರು. ಇವರ ಸೇನಾನಿ ಡ್ಯುಶೆಮಿನ್. ಇವರ ಆಹಾರ ಸಾಮಗ್ರಿಗಳ ಭಾರ ಹೈದರನ ಮೇಲೆ ಬಿತ್ತು. ಕಡಲೂರನ್ನು ಹಿಡಿಯುವುದರಲ್ಲಿ ಅವರು ನೆರವಾದರು. ಆದರೆ ಕೂಟ್‌ನ ಮೇಲೆ ದೊಡ್ಡ ಕಾಳಗಕ್ಕೆ ಬನ್ನಿರೆಂದಾಗ ಡ್ಯುಶೆಮಿನ್ ಒಪ್ಪಲಿಲ್ಲ. ಹಿರಿಯ ಸೇನಾಪತಿ ಬುಸ್ಸಿ ಬರುವವರೆಗೂ ದೊಡ್ಡ ಯುದ್ಧಕ್ಕೆ ಕೈಹಾಕಬಾರದೆಂಬ ಆದೇಶ ಅವನಿಗಿತ್ತು. ದಿನದಿನವೂ ಉಣಿಸುವವನ ಮಾತಿಗೆ ಸಾಗರದಾಚೆಯ ಕಾಗದವೊಂದು ಅಡ್ಡನಿಂತಿತು. ಡ್ಯುಶೆಮಿನ್ ಅದೇ ವರ್ಷ ಕಾಯಿಲೆಯಿಂದ ತೀರಿಕೊಂಡನು. 1782ರ ಡಿಸೆಂಬರ್ 7ರಂದು ಹೈದರನೂ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಮರಣಹೊಂದಿದನು. ಬುಸ್ಸಿ ತೀರಕ್ಕೆ ಬಂದುದು 1783ರ ಮಾರ್ಚಿಯಲ್ಲಿ. ಕರೆಸಿದವನೇ ಆಗ ಇರಲಿಲ್ಲ.

ಟಿಪ್ಪುವಿನ ಪಾಲಿಗೆ ಬಂದ ಪಾಠ ಇನ್ನೂ ಕಠಿನವಾದುದು. 1783ರ ಮೇ ತಿಂಗಳಿನಿಂದ ಅವನು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನು. ಕೊಸಿನ್ಯಿ ಎಂಬವನ ಕೈಕೆಳಗಿನ ಫ್ರೆಂಚರು ಜೊತೆಗಿದ್ದರು. ಕೋಟೆಯ ಗೋಡೆ ಬಿರುಕುಬಿಟ್ಟಿತ್ತು. ಅಷ್ಟರಲ್ಲಿ ಯುರೋಪಿನಿಂದ ಸುದ್ದಿ ಮುಟ್ಟಿತು: ಇಂಗ್ಲೆಂಡಿಗೂ ಫ್ರಾನ್ಸಿಗೂ ಜನವರಿಯಲ್ಲಿಯೇ ಪ್ರಾಥಮಿಕ ಸಂಧಿಯಾಗಿದೆ. ಬುಸ್ಸಿಯ ಆಜ್ಞೆಯಂತೆ ಜುಲೈಯಲ್ಲಿ ಫ್ರೆಂಚರು ಮುತ್ತಿಗೆಯಿಂದ ಕೈತೆಗೆದರು. ಆ ಸಂಧಿಪತ್ರದಲ್ಲಿ ಎರಡು ಪಕ್ಷಗಳ ಭಾರತೀಯ ಮಿತ್ರರಿಗೂ ಸಂಧಿಯನ್ನು ಸೇರಲು ಆಹ್ವಾನ ಕೊಡತಕ್ಕದ್ದೆಂದು, ಅದಕ್ಕೆ ನಾಲ್ಕು ತಿಂಗಳ ಅವಧಿಯೆಂದು ಬರೆದಿತ್ತು. ಮಿತ್ರನನ್ನು ಕೇಳದೆ ಮಾಡಿಕೊಂಡ ಸಂಧಿಗೆ ಮಿತ್ರನನ್ನು ಅತಿಥಿಯಂತೆ ಕರೆದ ಈ ವಿನಯವನ್ನು ಟಿಪ್ಪು ಹೇಗೆ ಓದಿದನೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವನು ಒಬ್ಬನೇ ಮುತ್ತಿಗೆಯನ್ನು ನಡೆಸಿದನು. 1784ರ ಜನವರಿಯ ಕೊನೆಯಲ್ಲಿ ಹಸಿವಿನಿಂದ ಸೊರಗಿದ ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರಿನ ಒಪ್ಪಂದವಾಯಿತು.

ನಮ್ಮ ಹಿರಿಯರು ದಾನವೆಂಬ ಮಾತನ್ನು ಎಷ್ಟು ಎಚ್ಚರದಿಂದ ಬಳಸಿದರೆಂಬುದು ಇಲ್ಲಿ ನೆನಪಾಗುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದಲ್ಲಿ ದಾನದ ಲಕ್ಷಣವನ್ನು ಹೇಳುವಾಗ, ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದು ಎಂಬ ಅರ್ಥವನ್ನು ಮುಂದಿಡಲಾಗಿದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರಿಂದ ದಾನದಲ್ಲಿ ಹೆಚ್ಚುಕಡಿಮೆಯಾಗುತ್ತದೆಂದೂ ಹೇಳಿದೆ. ತ್ಯಜಿಸಿದ ಮೇಲೆ ಕೊಟ್ಟವನಿಗೆ ಒಡೆತನವಿಲ್ಲ. ಆದರೆ ಲೆಕ್ಕವಿಲ್ಲವೆಂದಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯನ್ನು ನೋಡಿದವರು ಈ ಸೀಮೆಯ ದಾನಶಾಸನಗಳ ಕ್ರಮವನ್ನು ಬಲ್ಲರು. ಯಾವ ಭೂಮಿ, ಅದರ ಚತುಸ್ಸೀಮೆ ಯಾವುದು, ಯಾವ ಕಾರ್ಯಕ್ಕೆ, ಯಾರ ಕೈಗೆ, ಯಾರ ಸಾಕ್ಷಿ ಎಂಬುದನ್ನು ಕಲ್ಲಿನ ಮೇಲೆ ಎಲ್ಲರ ಕಣ್ಣೆದುರು ಬರೆಯಿಸುತ್ತಿದ್ದರು. ಅಪಹರಿಸಿದವನಿಗೆ ಶಾಪ, ಕಾಪಾಡಿದವನಿಗೆ ಪುಣ್ಯ. ಅಲ್ಲಿ ಮೇಲ್ವಿಚಾರಣೆ ಕೊಟ್ಟವನದೂ ಅಲ್ಲ, ಪಡೆದವನದೂ ಅಲ್ಲ, ಊರಿನದು. ಯುದ್ಧಕಾಲದ ನೆರವಿನಲ್ಲಿ ಇವೆರಡೂ ತಲೆಕೆಳಗಾಗುತ್ತವೆ. ಕೊಟ್ಟವನು ತ್ಯಜಿಸುವುದಿಲ್ಲ, ಊರಿಗೆ ಲೆಕ್ಕ ತೋರಿಸುವವರೂ ಇರುವುದಿಲ್ಲ.

ಟಿಪ್ಪು ಈ ತೊಡಕನ್ನು ಅರಿತಿದ್ದನೆಂಬುದಕ್ಕೆ 1787ರಲ್ಲಿ ಅವನು ಫ್ರಾನ್ಸಿಗೆ ಕಳುಹಿಸಿದ ರಾಯಭಾರವೇ ಸಾಕ್ಷಿ. ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1788ರ ಆಗಸ್ಟಿನಲ್ಲಿ ವರ್ಸೇಲ್ಸಿನ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಅವರ ಕೋರಿಕೆ 10,000 ಸೈನಿಕರದು. ಅದಕ್ಕಿಂತ ಮುಖ್ಯವಾದುದು ಅದರ ಷರತ್ತು: ಬಂದವರು ಮೈಸೂರಿನ ಸುಲ್ತಾನನ ಆಜ್ಞೆಗೆ ಒಳಪಟ್ಟಿರಬೇಕು, ಅವರ ವೆಚ್ಚವನ್ನು ಮೈಸೂರು ಭರಿಸುತ್ತದೆ. ಡ್ಯುಶೆಮಿನ್ ಮತ್ತು ಕೊಸಿನ್ಯಿಯರ ನೆನಪು ಆ ಷರತ್ತಿನಲ್ಲಿದೆ. ಫ್ರೆಂಚ್ ಬೊಕ್ಕಸ ಆಗ ಬರಿದಾಗಿತ್ತು. ಇಂಗ್ಲೆಂಡಿನೊಡನೆ ಮತ್ತೆ ಯುದ್ಧ ಅವರಿಗೆ ಬೇಕಿರಲಿಲ್ಲ. ಸತ್ಕಾರ ವಿಪುಲವಾಗಿ ನಡೆಯಿತು. ಸೈನಿಕರು ಬರಲಿಲ್ಲ, ಕೆಲವು ಕುಶಲಕರ್ಮಿಗಳೂ ಸಸ್ಯಬೀಜಗಳೂ ಬಂದವು. ಮರುವರ್ಷವೇ ಅಲ್ಲಿ ಮಹಾಕ್ರಾಂತಿ ಎದ್ದಿತು.

ಎದುರು ಪಕ್ಷದ ಕಡೆಗೂ ನೋಡಬೇಕು. ಕಂಪೆನಿಯ ಯುದ್ಧಗಳಿಂದ ಬೇಸತ್ತ ಇಂಗ್ಲೆಂಡಿನ ಪಾರ್ಲಿಮೆಂಟು 1784ರಲ್ಲಿ ಪಿಟ್ ಪ್ರಧಾನಿಯಾಗಿದ್ದಾಗ ಒಂದು ಕಾಯಿದೆಯನ್ನು ಮಾಡಿತ್ತು. ಭಾರತದಲ್ಲಿ ರಾಜ್ಯವಿಸ್ತಾರದ ಹಂಬಲ ಇಂಗ್ಲೆಂಡಿನ ನೀತಿಗೂ ಗೌರವಕ್ಕೂ ವಿರುದ್ಧವೆಂದು ಅದು ಸಾರಿತು; ಕಂಪೆನಿಯ ಮೇಲೋ ಅದರ ಮಿತ್ರರ ಮೇಲೋ ಆಕ್ರಮಣವಾದ ಹೊರತು, ಅಥವಾ ಅದಕ್ಕೆ ಸಿದ್ಧತೆ ನಡೆದ ಹೊರತು, ಲಂಡನ್ನಿನ ಅಪ್ಪಣೆಯಿಲ್ಲದೆ ಗವರ್ನರ್ ಜನರಲನು ಯುದ್ಧವನ್ನೂ ಹೂಡಬಾರದು, ಯುದ್ಧಕ್ಕೆಳೆಯುವ ಒಪ್ಪಂದವನ್ನೂ ಮಾಡಿಕೊಳ್ಳಬಾರದು. ಪರದೇಶದ ನೆರವಿನ ಮೇಲೆ ಚುನಾಯಿತ ಸಭೆಯೊಂದು ಹಾಕಿದ ಕಡಿವಾಣಗಳಲ್ಲಿ ಇದನ್ನು ಮೊದಮೊದಲಿನದೆನ್ನಬಹುದು.

ಈ ಕಡಿವಾಣವನ್ನು ಕಾರ್ನ್‌ವಾಲಿಸನು ಹೇಗೆ ದಾಟಿದನೆಂಬುದು ನೀತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ. 1789ರ ಜುಲೈಯಲ್ಲಿ ಅವನು ಹೈದರಾಬಾದಿನ ನಿಜಾಮನಿಗೆ ಒಂದು ಪತ್ರ ಬರೆದನು. 1768ರ ಹಳೆಯ ಒಪ್ಪಂದದಂತೆ ನಿಜಾಮನು ಕೇಳಿದಾಗ ಎರಡು ಪಟಾಲಮುಗಳನ್ನೂ ತೋಪುಗಳನ್ನೂ ಕಳುಹಿಸಿಕೊಡುವೆನೆಂದು, ಆದರೆ ಕಂಪೆನಿಯ ಮಿತ್ರರ ಮೇಲೆ ಅವನ್ನು ಬಳಸಕೂಡದೆಂದು ತಿಳಿಸಿದನು. ಆಮೇಲೆ ಮಿತ್ರರ ಪಟ್ಟಿ: ಮರಾಠರು, ಆರ್ಕಾಟಿನ ಮತ್ತು ಅವಧದ ನವಾಬರು, ತಂಜಾವೂರು ಮತ್ತು ತಿರುವಾಂಕೂರಿನ ಅರಸರು. ಮಂಗಳೂರಿನ ಒಪ್ಪಂದದಿಂದ ಐದು ವರ್ಷಗಳಾಗಿದ್ದರೂ ಆ ಪಟ್ಟಿಯಲ್ಲಿ ಟಿಪ್ಪುವಿನ ಹೆಸರಿಲ್ಲ. ಇದು ಹೊಸ ಒಪ್ಪಂದವಲ್ಲ, ಹಳೆಯದರ ವಿವರಣೆ ಮಾತ್ರ. ಆದುದರಿಂದ ಕಾಯಿದೆ ಮುರಿಯಲಿಲ್ಲ ಎಂಬುದು ಕಾರ್ನ್‌ವಾಲಿಸನ ನಿಲುವು. ಒಂದು ಹೆಸರನ್ನು ಬರೆಯದೆ ಬಿಟ್ಟುದೇ ಒಂದು ಯುದ್ಧಪತ್ರವಾಯಿತು. ಮುಂದೆ ಕಂಪೆನಿಯ ಪಕ್ಷದವನೇ ಆದ ಸರ್ ಜಾನ್ ಮಾಲ್ಕಂ ಇದನ್ನು ಟೀಕಿಸಿದನು; ಬಿಚ್ಚುಮನಸ್ಸಿನ ಒಪ್ಪಂದವೇ ಇದಕ್ಕಿಂತ ಮೇಲಾಗುತ್ತಿತ್ತೆಂಬುದು ಅವನ ವಾದದ ಸಾರ. 1791ರಲ್ಲಿ ಪಾರ್ಲಿಮೆಂಟಿನಲ್ಲಿ ಈ ಯುದ್ಧದ ನ್ಯಾಯಾನ್ಯಾಯಗಳ ಚರ್ಚೆ ನಡೆದಾಗ ಬಹುಮತ ಸರಕಾರದ ಪಕ್ಷಕ್ಕೇ ಬಂತು. ಟಿಪ್ಪು ತಿರುವಾಂಕೂರಿನ ಕೋಟೆಸಾಲಿನ ಮೇಲೆ 1789ರ ಕೊನೆಯಲ್ಲಿ ಏರಿಹೋಗಿ, ಎದುರಾಳಿಗೆ ಬೇಕಾಗಿದ್ದ ಕಾರಣವನ್ನು ತಾನೇ ಒದಗಿಸಿದ್ದನೆಂಬುದನ್ನೂ ಮರೆಯಲಾಗದು.

1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಬಳಿಗೆ ಬಂದು, 15ರಂದು ಅರಕೆರೆಯ ಬಳಿ ಕಾದಿ ಗೆದ್ದಿತು. ಗೆದ್ದರೂ ಮುಂದುವರಿಯಲಾಗಲಿಲ್ಲ. ಎತ್ತುಗಳು ಸಾಯುತ್ತಿದ್ದವು, ಅಕ್ಕಿ ಮುಗಿದಿತ್ತು, ಮಳೆ ಹಿಡಿದಿತ್ತು, ಸಿಡುಬು ತಗಲಿತ್ತು. ಇಂದು ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿರುವ ಹಳೆಯ ಕನ್ನಂಬಾಡಿಯ ಬಳಿ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ಒಡೆಸಿ ಹಾಕಿ ಅವನು ಹಿಂದಿರುಗಿದನು. ಮೇಲುಕೋಟೆಯ ದಾರಿಯಲ್ಲಿ ಎದುರಿಗೆ ಕುದುರೆಸವಾರರು ಕಾಣಿಸಿದರು. ಶತ್ರುಗಳೆಂದು ಆಂಗ್ಲರು ಅಣಿಯಾದರು; ನೋಡಿದರೆ ಹರಿಪಂತ ಮತ್ತು ಪರಶುರಾಮಭಾವೂರ ಮರಾಠಾ ಸೈನ್ಯ, ಅವರದೇ ಮಿತ್ರರು! ಟಿಪ್ಪುವಿನ ಸವಾರರು ದೂತರನ್ನೆಲ್ಲ ದಾರಿಯಲ್ಲಿಯೇ ತಡೆದಿದ್ದರಿಂದ ಮಿತ್ರರು ಇಷ್ಟು ಹತ್ತಿರ ಬಂದಿರುವುದು ತಿಳಿದಿರಲಿಲ್ಲ. ಒಂದು ವಾರ ಮೊದಲು ತಿಳಿದಿದ್ದರೆ ತೋಪುಗಳು ಉಳಿಯುತ್ತಿದ್ದವು.

ಮರಾಠರ ಪಾಳೆಯದ ಬಜಾರಿನಲ್ಲಿ ಇಂಗ್ಲೆಂಡಿನ ಚಾಕುವಿನಿಂದ ಹಿಡಿದು ಕಾಶ್ಮೀರದ ಶಾಲಿನವರೆಗೆ ಎಲ್ಲವೂ ದೊರೆಯುತ್ತಿತ್ತು. ದವಸವೂ ದೊರೆಯಿತು, ಹಸಿದವನಿಗೆ ಹೇಳುವ ಬೆಲೆಗೆ. ಮಿತ್ರನ ಹಸಿವಿನಲ್ಲಿ ಲಾಭ ಕಂಡ ಅದೇ ಮಿತ್ರರು, ತಮಗೆ ಹಣವಿಲ್ಲ, ಸಾಲ ಕೊಡದಿದ್ದರೆ ನಿಲ್ಲಲಾರೆವು ಎಂದರು. ಕಾರ್ನ್‌ವಾಲಿಸ್ ಹತ್ತು ಲಕ್ಷ ರೂಪಾಯಿಗೂ ಮೀರಿದ ಮೊತ್ತವನ್ನು ಕೊಡಲು ಒಪ್ಪಿದನು. ಚೀನಾ ದೇಶದ ವ್ಯಾಪಾರಕ್ಕೆಂದು ಹಡಗಿನಲ್ಲಿ ಮದರಾಸಿಗೆ ಬಂದಿದ್ದ ಬೆಳ್ಳಿಯನ್ನು ಇಳಿಸಿಕೊಂಡು ಅವನು ಈ ಹಣವನ್ನು ಹೊಂದಿಸಿದನು. ಚಹದ ಮೂಟೆಗಳಿಗಾಗಿ ಮೀಸಲಿಟ್ಟಿದ್ದ ಬೆಳ್ಳಿ ಮೇಲುಕೋಟೆಯ ಕಣಿವೆಯ ಸೈನ್ಯಕ್ಕೆ ಸಂದಾಯವಾಯಿತು. ಲಂಡನ್ನಿನ ನಿರ್ದೇಶಕರು ಎಷ್ಟೇ ಬಿಗಿಯಾಗಿ ಕಟ್ಟಿದರೂ ಗಂಟು ಬಿಚ್ಚುವವನ ಕೈ ರಣರಂಗದಲ್ಲಿತ್ತು.

ಆ ಹಣದಿಂದ ನಿಂತ ಸೈನ್ಯ ಏನು ಮಾಡಿತೆಂದು ಕೇಳುವವರು ಯಾರು? ಪೇಶ್ವೆಯ ಸರಕಾರ ಪುಣೆಯಲ್ಲಿ, ಕಂಪೆನಿಯದು ಕಲ್ಕತ್ತೆಯಲ್ಲಿ. 1791ರಲ್ಲಿಯೇ ಮರಾಠಾ ಸೈನ್ಯದ ಪಿಂಡಾರಿಗಳು ಶೃಂಗೇರಿಯ ಮಠವನ್ನು ಸೂರೆಗೊಂಡರು. ಮಠಕ್ಕೆ ಧನಸಹಾಯ ಮಾಡಲು ಟಿಪ್ಪು ಬರೆಯಿಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಪ್ರಾಕ್ತನ ವಿಮರ್ಶೆ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಪರಶುರಾಮಭಾವೂ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳುವ ಬದಲು ಶಿವಮೊಗ್ಗ, ಬಿದನೂರುಗಳ ಕಡೆಗೆ ಕೊಳ್ಳೆಗೆ ಹೋದನು. ಅವನು ಶ್ರೀರಂಗಪಟ್ಟಣವನ್ನು ಮುಟ್ಟುವಷ್ಟರಲ್ಲಿ ಸಂಧಿಯ ಕರಾರು ಆಗಿಹೋಗಿತ್ತು. 1792ರಲ್ಲಿ ನಾಗಮಂಗಲವನ್ನು ಮರಾಠರು ಹಾಳುಗೆಡವಿದರು. ಊರಿನ ಜೊತೆಗೆ ಸುತ್ತಣ ತೋಟಗಳ ಮರಗಳೂ ಕೊಡಲಿಗೆ ಬಿದ್ದವು. ಮನೆಯನ್ನು ಮರುವರ್ಷ ಕಟ್ಟಿಕೊಳ್ಳಬಹುದು. ತೆಂಗು ಫಲಕ್ಕೆ ಬರಬೇಕಾದರೆ ಒಂದು ಮಗು ಬೆಳೆದು ಬುದ್ಧಿ ಬರುವಷ್ಟು ಕಾಲ ಬೇಕು. ನಾಗಮಂಗಲದ ತೋಟಿಗರು ಯಾವ ಪಕ್ಷದ ಮಿತ್ರರೂ ಆಗಿರಲಿಲ್ಲ, ಯಾವ ಪಕ್ಷದ ಸಾಲಪತ್ರಕ್ಕೂ ರುಜು ಹಾಕಿರಲಿಲ್ಲ. ಯುದ್ಧದ ಕೊನೆಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಅದು ಮೂವರು ಮಿತ್ರರಲ್ಲಿ ಹಂಚಿಕೆಯಾಯಿತು. ತೋಟಿಗರ ನಷ್ಟಕ್ಕೆ ಆ ಹಂಚಿಕೆಯಲ್ಲಿ ಒಂದು ಕಲಮೂ ಇರಲಿಲ್ಲ. ಆ ಹಣದ ವಸೂಲಿ ಮಾತ್ರ ಅಂತಹ ರೈತರಿಂದಲೇ ನಡೆಯಬೇಕಿತ್ತು.

ಇದೇ ಯುದ್ಧದಲ್ಲಿ, 1792ರ ಫೆಬ್ರವರಿಯ ರಾತ್ರಿಯ ಕಾಳಗವಾದ ಮೇಲೆ, ಟಿಪ್ಪುವಿನ ಸೇವೆಯಲ್ಲಿದ್ದ ಐವತ್ತಕ್ಕೂ ಹೆಚ್ಚು ಮಂದಿ ವಿದೇಶೀಯರು ಎದುರು ಪಾಳೆಯಕ್ಕೆ ಹೋಗಿ ಸೇರಿದರು. ಹಿರೋಡೆಯ ಫ್ರೆಂಚ್ ನೆರವಿನ ಮಟ್ಟ ಅಲ್ಲಿಗೆ ಇಳಿದಿತ್ತು.

ಇಷ್ಟಾದರೂ ಟಿಪ್ಪು ಅದೇ ಬಾಗಿಲನ್ನು ಮತ್ತೊಮ್ಮೆ ತಟ್ಟಿದನು. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕನೊಬ್ಬ ಮುರುಕಲು ಹಡಗಿನಲ್ಲಿ ಮಂಗಳೂರಿಗೆ ಬಂದು, ಮಾರಿಷಸ್ಸಿನಲ್ಲಿ 10,000 ಸೈನಿಕರು ಸಿದ್ಧವಾಗಿದ್ದಾರೆಂದು ನಂಬಿಸಿದನು. ಆಸ್ಥಾನದ ಹಿರಿಯರಲ್ಲಿ ಕೆಲವರು ನಂಬಬಾರದೆಂದರು. ಟಿಪ್ಪು ಗುಟ್ಟಾಗಿ ಇಬ್ಬರು ದೂತರನ್ನು ಕಳುಹಿಸಿದನು. ಮಾರಿಷಸ್ಸಿನ ಗವರ್ನರ್ ಮಲಾರ್ಟಿಕ್‌ನ ಬಳಿ ಕೊಡಲು ಸೈನ್ಯವಿರಲಿಲ್ಲ. ಪ್ಯಾರಿಸಿನ ಅಪ್ಪಣೆಯೂ ಇರಲಿಲ್ಲ. ಅವನು ಮಾಡಿದ ಕೆಲಸವೇ ವಿಚಿತ್ರ. 1798ರ ಜನವರಿ 30ರಂದು ಒಂದು ಬಹಿರಂಗ ಘೋಷಣೆಯನ್ನು ಅಂಟಿಸಿ, ಆಂಗ್ಲರನ್ನು ಭಾರತದಿಂದ ಹೊರಗಟ್ಟಲು ಟಿಪ್ಪು ಸುಲ್ತಾನನು ಸೈನಿಕರನ್ನು ಕೇಳಿರುವನೆಂದು, ಇಷ್ಟವುಳ್ಳವರು ಬಂದು ಹೆಸರು ಬರೆಸಬೇಕೆಂದು ಸಾರಿದನು. ಸುಲ್ತಾನನು ಯುದ್ಧಕ್ಕೆ ಬೇಕಾದುದೆಲ್ಲವನ್ನೂ ಒದಗಿಸುವನು, ದ್ರಾಕ್ಷಾಮದ್ಯವೊಂದನ್ನು ಬಿಟ್ಟು ಎಂಬ ಮಾತೂ ಅದರಲ್ಲಿತ್ತು! ಗುಟ್ಟು ಹೀಗೆ ಊರ ಗೋಡೆಯ ಮೇಲೇರಿತು. ಏಪ್ರಿಲಿನಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ.

ಆ ಘೋಷಣೆಯ ಪ್ರತಿ ಕಲ್ಕತ್ತೆಯನ್ನು ಮುಟ್ಟಿದಾಗ ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬೇಕಾಗಿದ್ದ ಕಾಗದ ಕೈಗೆ ಬಂದಂತಾಯಿತು. 1784ರ ಕಾಯಿದೆ ಅದರ ಮುಂದಿನ ರೂಪಗಳಲ್ಲಿ ಆಗಲೂ ಜಾರಿಯಲ್ಲಿತ್ತು. ಶತ್ರುವಿನ ಯುದ್ಧಸಿದ್ಧತೆಯನ್ನು ತೋರಿಸಬೇಕಿತ್ತು. ಬಂದವರು ನೂರು ಮಂದಿಯಾದರೇನು, ಕೇಳಿದ್ದು ಸೈನ್ಯವನ್ನೇ ಎಂಬುದು ಅವನ ವಾದ. ನೂರು ಮಂದಿಯ ನೆರವು ಟಿಪ್ಪುವಿಗೆ ಒಂದು ದಿಡ್ಡಿಬಾಗಿಲನ್ನೂ ಕಾಯಲಿಲ್ಲ. ಅವನ ವೈರಿಗೆ ಮಾತ್ರ ಒಂದು ಯುದ್ಧದ ಸಮರ್ಥನೆಯಾಯಿತು. 1799ರ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಹೋರಾಡುತ್ತ ಮಡಿದನು.

ಆಮೇಲೆ ಬಂದುದು ಮತ್ತೊಂದು ಬಗೆಯ ನೆರವು. 1799ರ ಜುಲೈ 8ರಂದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಆದ ಒಪ್ಪಂದದಂತೆ ಮೈಸೂರಿನ ರಕ್ಷಣೆಗೆ ಕಂಪೆನಿಯ ಸೈನ್ಯ ನಿಲ್ಲಬೇಕು. ಅದಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡಗಳನ್ನು, ಎಂದರೆ 24 ಲಕ್ಷ 50 ಸಾವಿರ ರೂಪಾಯಿಗಳನ್ನು ಕೊಡಬೇಕು. ಅಂದಾಜು ಉತ್ಪನ್ನದ ಅರ್ಧಕ್ಕೂ ಮಿಗಿಲಾದ ಮೊತ್ತವಿದು. ಹಣ ಬರುವುದು ತಪ್ಪೀತೆಂಬ ಭಯಕ್ಕೆ ಕಾರಣವಿದ್ದರೆ ಗವರ್ನರ್ ಜನರಲನು ರಾಜ್ಯದ ಸೀಮೆಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಳ್ಳಬಹುದೆಂದು ನಾಲ್ಕನೆಯ ಕಲಮು ಹೇಳಿತು. ಲೆಕ್ಕಪತ್ರ, ಕಂದಾಯ, ನ್ಯಾಯಗಳ ವಿಷಯದಲ್ಲಿ ಕಂಪೆನಿಯ ಸಲಹೆಯನ್ನು ಪಾಲಿಸಬೇಕೆಂದು ಕೊನೆಯ ಭಾಗದ ಕಲಮೊಂದು ಹೇಳಿತು. ಮೇಲ್ವಿಚಾರಣೆಗೆ ರೆಸಿಡೆಂಟನಾಗಿ ಬ್ಯಾರಿ ಕ್ಲೋಸ್ ನೇಮಕಗೊಂಡನು. ಫ್ರೆಂಚರ ನೆರವಿನಲ್ಲಿ ಮೈಸೂರು ಸಂಬಳ ಕೊಟ್ಟು ಆಜ್ಞೆಯನ್ನು ಕಳೆದುಕೊಂಡಿತ್ತು. ಇಲ್ಲಿ ಸಂಬಳ ಕೊಟ್ಟು ಬೊಕ್ಕಸದ ಕೀಲಿಕೈಯನ್ನೂ ಒಪ್ಪಿಸಿತು. ಹಿರೋಡೆಯ ಬಯಲಿನಲ್ಲಿ ಫ್ರೆಂಚರಿದ್ದೆಡೆ ಮದರಾಸಿನ ಸಿಪಾಯಿಗಳ ಪಟಾಲಮು ಬಂದು ನಿಂತಿತು. ಶ್ರೀರಂಗಪಟ್ಟಣದ ದ್ವೀಪವಂತೂ ಕಂಪೆನಿಯ ಸ್ವಂತ ಸ್ವತ್ತಾಯಿತು. ತನ್ನ ಹಳೆಯ ರಾಜಧಾನಿಯನ್ನು ಮೈಸೂರು ವರ್ಷಕ್ಕೆ 50,000 ರೂಪಾಯಿಯ ಗುತ್ತಿಗೆಗೆ ಪಡೆಯಬೇಕಾಯಿತು.

ಈ ಸೈನ್ಯವೇ 1809ರಲ್ಲಿ ದಂಗೆಯೆದ್ದ ಕಥೆಯನ್ನು ಇಂದು ಶ್ರೀರಂಗಪಟ್ಟಣದಲ್ಲಿಯೂ ಬಲ್ಲವರು ವಿರಳ. ದಂಗೆಗೆ ಕಾರಣ ಒಂದು ಲೆಕ್ಕದ ವಿಷಯ. ಡೇರೆಗಳಿಗಾಗಿ ಮದರಾಸು ಸೈನ್ಯದ ದಳಪತಿಗಳಿಗೆ ತಿಂಗಳ ತಿಂಗಳ ನಿಗದಿಯಾದ ಹಣ ಸಂದಾಯವಾಗುತ್ತಿತ್ತು, ಡೇರೆ ಹಾಕಲಿ, ಬಿಡಲಿ. ಇದು ಅನಾಚಾರಕ್ಕೆ ಎಡೆಗೊಡುತ್ತದೆಂದು ಮದರಾಸು ಸರಕಾರ ಅದನ್ನು ರದ್ದುಗೊಳಿಸಿತು. ಇತರ ಅಸಮಾಧಾನಗಳೂ ಕೂಡಿಕೊಂಡು ಯುರೋಪಿಯನ್ ಅಧಿಕಾರಿಗಳು ಶ್ರೀರಂಗಪಟ್ಟಣದ ಕೋಟೆಯನ್ನೂ ಖಜಾನೆಯನ್ನೂ ವಶಪಡಿಸಿಕೊಂಡು ತಮ್ಮ ಸರಕಾರದ ವಿರುದ್ಧವೇ ಬಾಗಿಲು ಹಾಕಿಕೊಂಡರು. ಚಿತ್ರದುರ್ಗದಿಂದ ಎರಡು ಪಟಾಲಮುಗಳು ಅಲ್ಲಿಯ ಖಜಾನೆಯ ಹಣದೊಂದಿಗೆ ಅವರನ್ನು ಕೂಡಿಕೊಳ್ಳಲು ಹೊರಟವು. ಆಗ ಅವರನ್ನು ಅಟ್ಟಿಸಿಕೊಂಡು ಹೋದವರಲ್ಲಿ ದಿವಾನ್ ಪೂರ್ಣಯ್ಯನವರ ಮೈಸೂರು ಸವಾರರೂ ಇದ್ದರು. ತನ್ನ ರಕ್ಷಣೆಗೆಂದು ಹಣ ತೆತ್ತು ಇಟ್ಟುಕೊಂಡ ದಳವನ್ನು ಅಡಗಿಸಲು ಮೈಸೂರು ತನ್ನ ಕುದುರೆಗಳನ್ನೇ ಓಡಿಸಬೇಕಾಯಿತು! ಸತ್ತವರು ಬಹುಪಾಲು ಸಿಪಾಯಿಗಳು. ಡೇರೆಯ ಹಣದಲ್ಲಿ ಅವರಿಗೆ ಪಾಲೇ ಇರಲಿಲ್ಲ.

ನಾಲ್ಕನೆಯ ಕಲಮು 1831ರಲ್ಲಿ ಕೆಲಸಕ್ಕೆ ಬಂತು. ನಗರದ ಸೀಮೆಯಲ್ಲಿ ರೈತರು ದಂಗೆಯೆದ್ದುದನ್ನು ಮುಂದುಮಾಡಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯವನ್ನು ವಶಕ್ಕೆ ತೆಗೆದುಕೊಂಡನು. ಕಂಪೆನಿಗೆ ಸಲ್ಲಬೇಕಾದ ಹಣ ನಿಂತಿರಲಿಲ್ಲ. ಹಣದ ಭದ್ರತೆಗೆ ಸಾಕಾಗುವಷ್ಟು ಸೀಮೆಗಳನ್ನು ತೆಗೆದುಕೊಳ್ಳಲು ಮಾತ್ರ ಒಪ್ಪಂದದಲ್ಲಿ ಅವಕಾಶವಿತ್ತು. ಬೆಂಟಿಂಕನಿಗೇ ಮುಂದೆ ಈ ವಿಷಯದಲ್ಲಿ ಸಂಶಯ ಬಂದು, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಸೂಚಿಸಿದನು. ಲಂಡನ್ ಒಪ್ಪಲಿಲ್ಲ. ರಾಜ್ಯ ಒಡೆಯರ ವಂಶಕ್ಕೆ ಮರಳಿದುದು 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಅನಂತರ. ಅದೇ ಹೊತ್ತಿನಲ್ಲಿ ಕಪ್ಪವನ್ನು 35 ಲಕ್ಷ ರೂಪಾಯಿಗಳಿಗೆ ಏರಿಸಲಾಯಿತು. ಬರಗಾಲದ ಸಾಲಗಳಿದ್ದುದರಿಂದ ಹೆಚ್ಚಳದ ವಸೂಲಿ 1896ರವರೆಗೆ ಮುಂದೂಡಲ್ಪಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1920ರ ದಶಕದ ಕೊನೆಯಲ್ಲಿ, ಹತ್ತೂವರೆ ಲಕ್ಷವನ್ನು ಬಿಟ್ಟುಕೊಟ್ಟು ಮೊದಲಿನ ಇಪ್ಪತ್ತನಾಲ್ಕೂವರೆ ಲಕ್ಷಕ್ಕೇ ನಿಲ್ಲಿಸಿದರು. ಅಷ್ಟರಲ್ಲಿ ಅತ್ತಿಕುಪ್ಪೆಯು ಕೃಷ್ಣರಾಜಪೇಟೆಯಾಗಿತ್ತು. ಹಿರೋಡೆಯ ಪಾಳೆಯದಿಂದ ಸಿಪಾಯಿಗಳು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಟಿಪ್ಪುವಿನಿಂದ ರಕ್ಷಿಸಿದುದಕ್ಕೆಂದು ಗೊತ್ತಾದ ಹಣವನ್ನು ಮೈಸೂರು ಆಗಲೂ ವರ್ಷವರ್ಷ ಕಟ್ಟುತ್ತಿತ್ತು.